ಬಾಗಿಲಿಗೆ ಅಡ್ಡ ಹಾಸಿದ ಹಲಗೆ

ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ಇಡೀ ಆಯುಷ್ಯ ಟೇಪು ಹಿಡಿದವನು ನಾನು. ಅಳತೆಯ ಮಾತಿನಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಈಗಲೂ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಆದರೆ ವಿಜಾಪುರದ ಒಬ್ಬ ಬಂಡಿ ಮಿಸ್ತ್ರಿಯ ನೆನಪಾಯಿತೆಂದರೆ ಆ ಸಿಟ್ಟು ತಾನಾಗಿ ಇಳಿದು ಮೂಲೆ ಸೇರುತ್ತದೆ. ಅವರ ಹತ್ತಿರ ಟೇಪು ಇರಲಿಲ್ಲ. ಒಂದು ಹುರಿದಾರ ಇತ್ತು. ಬಂಡಿ ಮಾಡಿಸಲು ಬಂದವರ ಮನೆಗೆ ಹೋಗಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ನೆಲದ ಮೇಲೆ ಮಲಗಿಸಿ, ತಲೆಯಿಂದ ಹಿಮ್ಮಡದವರೆಗೆ ದಾರ ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದರು. ಬಂಡಿಯ ಅಳತೆ ಅಷ್ಟೇ. ನಾನು ಇದನ್ನು ಮೊದಲ ಸಲ ನೋಡಿದಾಗ ನಕ್ಕಿದ್ದೆ. ಡಿಪ್ಲೊಮಾ ಆಗಿತ್ತಲ್ಲ, ನಗು ಬೇಗ ಬರುತ್ತಿತ್ತು.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ತಾವು ಮಾಡಿದ ಒಂದು ಬಂಡಿಯ ಮೇಲೂ ತಮ್ಮ ಹೆಸರು ಬರೆಸದ ಮನುಷ್ಯನ ಹೆಸರನ್ನು ನಾನು ಇಲ್ಲಿ ಬರೆದು ಏನು ಮಾಡಲಿ. ಓಣಿಗೆಲ್ಲ ಅವರು ಮಿಸ್ತ್ರಿ. ಕೋಟೆಗೋಡೆಯ ಒಳಗೆ, ತೊರವಿ ಕಡೆಗೆ ದಾರಿ ಹೊರಡುವ ಹಳೆಯ ಅಗಸಿಬಾಗಿಲಿನ ಹತ್ತಿರ ಒಂದು ಬೇವಿನ ಮರ, ಮರದ ಕೆಳಗೆ ಅವರ ಕಾರ್ಖಾನೆ. ಕಾರ್ಖಾನೆ ಅಂದರೆ ಮೇಲೆ ನಾಲ್ಕು ತಗಡು, ಕೆಳಗೆ ಮಂಡಿಯುದ್ದ ಕಟ್ಟಿಗೆ ಹೊಟ್ಟು. ಐವತ್ತೈದರ ಆಸುಪಾಸಿನ ತೆಳ್ಳಗಿನ ಆಳು. ಬಿಳಿ ಟೊಪ್ಪಿಗೆಯ ಮೇಲೂ ಹೊಟ್ಟು, ಹುಬ್ಬಿನ ಮೇಲೂ ಹೊಟ್ಟು. ಕಿವಿಗೆ ಒಂದು ಪೆನ್ಸಿಲು ಸಿಕ್ಕಿಸಿರುತ್ತಿದ್ದರು, ಅದರಿಂದ ಅವರು ಏನಾದರೂ ಬರೆದದ್ದನ್ನು ನಾನು ನೋಡಲಿಲ್ಲ. ಕೈಯಲ್ಲಿ ಚಹಾ ಇದ್ದಾಗ ಮಾತಾಡುತ್ತಿರಲಿಲ್ಲ. ನೀವು ಏನೇ ಕೇಳಿ, ಬಸಿಯಲ್ಲಿನ ಕೊನೆಯ ಗುಟುಕು ಮುಗಿದ ಮೇಲೆಯೇ ಉತ್ತರ. ಹೊಸಬರು ಇವರಿಗೆ ಕಿವಿ ಕೇಳಿಸುವುದಿಲ್ಲ ಅಂತ ತಿಳಿದು ದನಿ ಏರಿಸುತ್ತಿದ್ದರು. ಹಾಗೆ ಏರಿಸಿದವರಲ್ಲಿ ನಾನೂ ಒಬ್ಬ.

ಆ ಚಹಾ ತರುತ್ತಿದ್ದವಳು ಇಪ್ಪತ್ತೈದರ ಒಬ್ಬ ಹೆಣ್ಣುಮಗಳು. "ಮಿಸ್ತ್ರೀ, ಚಾ ತಗೋರಿ" ಅಂತ ಕಪ್ಪು-ಬಸಿ ಇಟ್ಟು ಹೋಗುತ್ತಿದ್ದಳು. ನೆರೆಮನೆಯವಳಿರಬೇಕು ಅಂದುಕೊಂಡಿದ್ದೆ.

ನಾನು ಅಲ್ಲಿಗೆ ಹೋದ ಕಾರಣ ಹೇಳಬೇಕು. ಎಪ್ಪತ್ತರ ದಶಕದ ಮೊದಲ ವರ್ಷಗಳು. ತಿಕೋಟಾದಿಂದ ಘೋಣಸಗಿ ಕಡೆಗೆ ರಸ್ತೆಯ ಕೆಲಸ ನಡೆದಿತ್ತು. ಅದು ಮುಗಿದರೆ ಬಬಲೇಶ್ವರದಿಂದ ಮಮದಾಪುರ. ನಾನು ಕ್ಯಾಂಪಿನಲ್ಲಿ, ಡೇರೆಯೊಳಗೆ. ಅವ್ವ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ವಿಜಾಪುರದ ಬಾಡಿಗೆ ಮನೆಯಲ್ಲಿ. ಕ್ಯಾಂಪು ಎರಡು ಮೂರು ತಿಂಗಳಿಗೊಮ್ಮೆ ಕಿತ್ತು ಮುಂದೆ ಹೋಗುವಂಥದ್ದು, ಅಲ್ಲಲ್ಲಿ ಮನೆ ಹಿಡಿಯುವ ಹಾಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದೆ, ಕೆಲಸ ಹೆಚ್ಚಿದ್ದರೆ ತಿಂಗಳಿಗೊಮ್ಮೆ.

ಹಾಗೆ ಒಂದು ಸಲ ಬಂದಾಗ ಕಿರಿಮಗಳು, ಎರಡೂವರೆ ವರ್ಷದವಳು, ಹೊಸ್ತಿಲಲ್ಲಿ ಆಡುತ್ತ ಕೂತಿದ್ದಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಎದ್ದು ಒಳಗೆ ಓಡಿದಳು.

"ಅವ್ವಾ, ಮಾಮಾ ಬಂದಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆಮೇಲೆ ಬಚ್ಚಲಿಗೆ ಹೋಗಿ ಕಾಲಿಗೆ ನೀರು ಹಾಕಿಕೊಳ್ಳುತ್ತ ನಿಂತೆ, ಬಹಳ ಹೊತ್ತು ನಿಂತೆ. ಹೊರಗೆ ಬಂದು "ಮಗೀಗೆ ನನ್ನ ಗುರ್ತನ ಇಲ್ಲಲ್ಲ" ಅಂದರೆ, ಹೆಂಡತಿ ರೊಟ್ಟಿ ತಟ್ಟುತ್ತಲೇ ಹೇಳಿದಳು.

"ಬಳಿಗಾರನ ಗುರ್ತ ಹಿಡೀತಾಳ್ರಿ. ಅಂವ ವಾರಾ ತಪ್ಪದ ಬರ್ತಾನ."

ಅವಳು ಚುಚ್ಚಿ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ ಮಾಡಿಕೊಟ್ಟ ಗೃಹಸ್ಥ ತನ್ನ ಮನೆಯ ಬಾಗಿಲಲ್ಲಿ ಮಾಮಾ ಆಗಿ ನಿಂತಿದ್ದ.

ಮರುದಿನ ಕ್ಷೌರಕ್ಕೆ ಹೋದೆ. ಅಲ್ಲಿ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿದ್ದರು. ಪರದೇಶದ ಒಂದು ಕಾರು, ಕಾರಿನ ಹಿಂದೆ ಗಾಲಿಗಳ ಮೇಲೆ ಒಂದು ಬೆಳ್ಳನೆಯ ಮನೆ. ಚಪ್ಪಟೆ ಮಾಳಿಗೆ, ಕಿಟಕಿಗೆ ಪರದೆ, ಕಿಟಕಿಯಲ್ಲಿ ಒಬ್ಬ ಗೃಹಸ್ಥ ಚಹಾ ಕುಡಿಯುತ್ತ ಕೂತಿದ್ದಾನೆ, ಅವನ ಹೆಂಡತಿ ಮಕ್ಕಳು ಸುತ್ತ ನಗುತ್ತಿದ್ದಾರೆ. ಅರ್ಧ ಗಡ್ಡ ಕೆರೆಸಿಕೊಂಡ ಸ್ಥಿತಿಯಲ್ಲಿಯೇ ನನಗೆ ಜ್ಞಾನೋದಯವಾಯಿತು. ಕ್ಯಾಂಪು ಸರಿಯುತ್ತದೆ ಅಂದರೆ ಮನೆಯೂ ಸರಿಯಲಿ! ಇಲಾಖೆಯ ರೋಡ್ ರೋಲರ್ ಹೇಗಿದ್ದರೂ ಕ್ಯಾಂಪಿನ ಜೊತೆ ಹೋಗುತ್ತದೆ, ಅದರ ಹಿಂದೆ ಕಟ್ಟಿದರಾಯಿತು. ಮೇಲಿನ ಸಾಹೇಬರನ್ನು ಕೇಳಿದೆ. ಅವರು ನಕ್ಕು ನಕ್ಕು, ನಗುವಿನ ನಡುವೆಯೇ ಹೂಂ ಅಂದರು.

ಆ ಪುಟವನ್ನು ಬೇಡಿ ತಂದು, ನಾಲ್ಕು ದಿನ ಕೂತು ನಕ್ಷೆ ತೆಗೆದೆ. ಬರೆಯುವ ಮೇಜು. ಕನ್ನಡಿ. ಪುಸ್ತಕದ ಕಪಾಟು. ಮೇಲಿನ ಸಾಹೇಬರು ತಪಾಸಣೆಗೆ ಬಂದರೆ ಕೂಡಲು ಬೆತ್ತದ ಕುರ್ಚಿ. ಬೀಗರು ಬಂದರೆ ಇರಲಿ ಅಂತ ಎರಡು ಹೆಚ್ಚಿನ ಮಂಚ. ನಕ್ಷೆ ಬಹಳ ಚಂದ ಬಂದಿತ್ತು. ಅದರಲ್ಲಿ ಒಲೆ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮಿಸ್ತ್ರಿಯ ಅಂಗಳದಲ್ಲಿ ಆಗ ಮೂರು ನಮೂನೆ ನಿಂತಿದ್ದವು. ಒಂದು, ಟ್ರ್ಯಾಕ್ಟರ್ ಹಿಂದೆ ಕಟ್ಟುವ ಎತ್ತರ ಗೋಡೆಯ ಡಬ್ಬಿ. ಇನ್ನೊಂದು, ಹಳೆಯ ಲಾರಿಯ ಅಚ್ಚಿನ ಮೇಲೆ ನಾಲ್ಕು ಗಾಲಿಯ ಉದ್ದನೆಯ ಅಡಿ, ಮೇಲೆ ಇನ್ನೂ ಏನೂ ಕಟ್ಟಿರಲಿಲ್ಲ. ಮೂರನೆಯದು ನಮ್ಮ ಕಡೆಯ ಸವಾರಿ ಬಂಡಿಯದೇ ದೊಡ್ಡ ರೂಪ. ರಬ್ಬರಿನ ಎರಡು ಗಾಲಿ, ಮೇಲೆ ಬಿದಿರಿನ ದುಂಡನೆಯ ಕಮಾನು. ನಾನು ನೇರವಾಗಿ ನಾಲ್ಕು ಗಾಲಿಯ ಹತ್ತಿರ ಹೋಗಿ ನಿಂತೆ. ಅವರು ಚಹಾ ಮುಗಿಸಿದರು.

"ಎಷ್ಟ ಮಂದಿ ಅದೀರಿ ಸಾಹೇಬರ?"

"ಐದು. ಬೀಗರು ಬಂದ್ರ ಏಳು."

"ಬೀಗರ ಬಂದಾಗ ಬರ್ತಾರ್ರಿ. ದಿನಾ ಮಲಕೊಳ್ಳವರ ಎಷ್ಟ ಮಂದಿ?"

"ಐದು ಅಂದೆನಲ್ಲ."

"ಆತ್ರಿ. ಮನ್ಯಾಗ ಮೊದಲ ಯಾರ ಏಳ್ತಾರ?"

ಇದೇನು ಪ್ರಶ್ನೆ ಅಂತ ನನಗೆ ತಿಳಿಯಲಿಲ್ಲ. ಉತ್ತರವೂ ತಿಳಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಹೊತ್ತೇರುವವರೆಗೆ ಮಲಗುತ್ತಿದ್ದವನಿಗೆ ಮನೆಯಲ್ಲಿ ಮೊದಲು ಯಾರು ಏಳುತ್ತಾರೆ ಅಂತ ಹೇಗೆ ಗೊತ್ತಿರಬೇಕು? ಮಾತು ಮರೆಸಲು ನಕ್ಷೆ ಬಿಚ್ಚಿ ಅವರ ಮುಂದೆ ಹಿಡಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಸ್ತ್ ಐತ್ರಿ" ಅಂದರು. ನಾನು ಹೊಗಳಿಕೆ ಅಂತಲೇ ತಗೊಂಡೆ.

"ಈ ರವಿವಾರ ನಿಮ್ಮ ಮನಿಗೆ ಬರ್ತೇನ್ರಿ. ಊಟದ ಹೊತ್ತಿಗೆ" ಅಂದರು.

ಮಮದಾಪುರದ ಕುರುಬರ ಬಂಡಿಯ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಅಂಗಳದಲ್ಲಿ ಇದ್ದ ದಿನವೇ ಅದು ತಯಾರಾಗಿ ಹೊರಟಿತ್ತು. ಬಂಡಿಯ ಹಿಂಭಾಗದಲ್ಲಿ ಹೊರಕ್ಕೆ ಚಾಚಿದಂತೆ ಒಂದು ಬಲೆಯ ಗೂಡು ಹೆಣೆದಿದ್ದರು. ಏನಿದು ಅಂತ ಕೇಳಿದೆ. ದಾರಿಯಲ್ಲಿ ಈದ ಕುರಿಗಳ ಮರಿಗಳನ್ನು ಇಡಲಿಕ್ಕೆ ಅಂದರು. ಬಂಡಿಯ ಒಳಗೆ ಇಷ್ಟು ಜಾಗ ಇರುವಾಗ ಹೊರಗೆ ಯಾಕೆ ಅಂತ ನನ್ನ ಡಿಪ್ಲೊಮಾ ಕೇಳಿತು.

"ಒಳಗ ಇಟ್ರ ತಾಯಿಗಿ ಕಾಣೂದಿಲ್ಲರಿ. ಕಾಣಲಿಲ್ಲಂದ್ರ ಅದು ಮುಂದ ಹೆಜ್ಜಿ ಇಡೂದಿಲ್ಲ. ಮರಿ ಕಣ್ಣ ಮುಂದ ಇದ್ರ ಎಷ್ಟ ದೂರಾನೂ ನಡೀತೈತಿ."

ಅವರಿಗೆ ಒಂದು ರೂಢಿಯಿತ್ತು. ಹೊಸ ಬಂಡಿ ಹೊರಟರೆ ಅದರ ಹಿಂದೆ ಅರ್ಧ ಹರದಾರಿ ಬರಿಗಾಲಲ್ಲಿ, ತಲೆ ತಗ್ಗಿಸಿ, ಗಾಲಿಯ ಸಪ್ಪಳ ಕೇಳುತ್ತ ನಡೆಯುತ್ತಿದ್ದರು. ಅವತ್ತೂ ಕುರಿಗಳ ಹಿಂದೆ ಹಾಗೇ ಹೋದರು. ಕುರಿಗಳ ಸಾಲಿನ ಕೊನೆಯಲ್ಲಿ ಒಂದು ಬಿಳಿ ಟೊಪ್ಪಿಗೆ. ನಾನು ಅಂಗಳದಲ್ಲಿ ನಿಂತು ಈ ಮನುಷ್ಯನಿಗೆ ನನ್ನ ಕೆಲಸ ಕೊಡಬೇಕೋ ಬೇಡವೋ ಅಂತ ವಿಚಾರ ಮಾಡುತ್ತಿದ್ದೆ.

ರವಿವಾರ ಬಂದರು. ನಾವು ಊಟಕ್ಕೆ ಕೂತೆವು. ಅವ್ವ ಅವರಿಗೂ ಪಡಸಾಲೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಅವರು ತಿಂದದ್ದು ಅರ್ಧ ರೊಟ್ಟಿ. ಉಳಿದ ಹೊತ್ತೆಲ್ಲ ನೋಡುತ್ತ ಕೂತರು. ಯಾರು ಬಡಿಸುತ್ತಾರೆ, ಯಾರು ಯಾವ ಗೋಡೆಗೆ ಒರಗುತ್ತಾರೆ, ನೀರಿಗೆ ಯಾರು ಏಳುತ್ತಾರೆ. ಊಟವಾದ ಮೇಲೆ ದಾರ ತೆಗೆದು ಒಬ್ಬೊಬ್ಬರನ್ನೇ ಅಳೆದರು. ಹೆಂಡತಿ ಮಾತ್ರ ಮಲಗಲು ನಾಚಿದಳು. ಅವಳು ಗೋಡೆಗೆ ನಿಂತಳು, ಅವರು ಮುಖ ಆಚೆ ತಿರುಗಿಸಿ ನಿಂತರು, ನಾನೇ ದಾರ ಹಿಡಿದೆ. ಆಮೇಲೆ ಎಲ್ಲರಿಗೂ ಏನೇನು ಬೇಕು ಅಂತ ಕೇಳಿದರು. ಹೆಂಡತಿ ಪಾತ್ರೆ ತಿಕ್ಕಿದ ನೀರು ಹೊರಗೆ ಹೋಗುವಂತೆ ಒಂದು ಮೂಲೆ ಕೇಳಿದಳು. ಹಿರಿಮಗಳು ಕಿಟಕಿ ಕೇಳಿದಳು.

"ಬಾಗಲಾ ಮೂಡಲಕ್ಕ ಇರಬೇಕು. ಇಲ್ಲಾಂದ್ರ ನಾ ಒಳಗ ಕಾಲ ಇಡೂದಿಲ್ಲ" ಅಂದಳು ಅವ್ವ.

"ಅವ್ವಾ, ಗಾಲಿ ಮ್ಯಾಲಿನ ಮನಿಗೆ ಎಲ್ಲೀ ಮೂಡಲ, ಎಲ್ಲೀ ಪಡುವಲ?" ಅಂತ ನಾನು ರೇಗಿದೆ.

"ನಿಂತಲ್ಲಿ ಇರ್ತೈತಿ ಬಿಡ್ರಿ ಸಾಹೇಬರ" ಅಂದರು ಮಿಸ್ತ್ರಿ. ಆಮೇಲೆ ಅವ್ವನ ಕಡೆ ತಿರುಗಿ, "ಅಮ್ಮಾರ, ನಾನೂ ಹೋದಲ್ಲೆಲ್ಲಾ ದಿನಕ್ಕ ಐದ ಸಲ ಪಡುವಲ ಹುಡಕವನ. ನಾ ನಮಾಜಿಗೆ ನಿಂತ್ರ ನನ್ನ ಬೆನ್ನ ಹಿಂದ ನಿಮ್ಮ ಮೂಡಲ ಇರ್ತೈತಿ. ನಿಲ್ಲಸೂದ ನಾ ಹೇಳಿಕೊಡ್ತೇನಿ, ಕಾಳಜಿ ಮಾಡಬ್ಯಾಡ್ರಿ" ಅಂದರು.

ಅವ್ವ ಅವತ್ತಿನಿಂದ ಮಿಸ್ತ್ರಿಯ ಪಕ್ಷ. ಡಿಪ್ಲೊಮಾದ ಮಗ ಒಬ್ಬನೇ ಉಳಿದ.

ಕಡೆಗೆ ಅವರು ಕಿರಿಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನಗೇನ ಬೇಕ್ ಬೇ ಬಂಡ್ಯಾಗ?" ಅಂತ ಕೇಳಿದರು. ಅವಳು ಬಹಳ ಹೊತ್ತು ವಿಚಾರ ಮಾಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು.

"ಈ ಮಾಮಾ ಎಲ್ಲಿ ಮಲಕೋತಾನ?"

ಯಾರೂ ನಗಲಿಲ್ಲ. ಮಿಸ್ತ್ರಿ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

"ಮನ್ಯಾಗ ಮೊದಲ ಏಳಾಕಿ ಇಕೀನ ಏನ್ರಿ ತಂಗಿ?" ಅಂತ ನನ್ನ ಹೆಂಡತಿಯನ್ನು ಕೇಳಿದರು.

"ಹೌದ್ರಿ. ಬೆಳಕ ಹರಿಯೂದ ತಡಾ ಇಲ್ಲ, ಅಂಗಳಕ್ಕ ಓಡ್ತಾಳ."

ಅವರು ಹೊಸ್ತಿಲು ದಾಟಿ ಹೋಗುವಾಗ ಅಂಗಳವನ್ನೂ ಬಾಗಿಲನ್ನೂ ಒಂದು ಸಲ ತಿರುಗಿ ನೋಡಿದರು. ನಾನು ಅದನ್ನು ನೋಡಿದೆ, ಆದರೆ ಏನೂ ತಿಳಿದುಕೊಳ್ಳಲಿಲ್ಲ.

ಕೆಲಸ ಸುರುವಾಯಿತು. ಎರಡು ಗಾಲಿ ಸಾಕು, ಮೇಲೆ ಕಮಾನು ಇರಲಿ ಅಂದರು ಅವರು. ನಾಲ್ಕು ಗಾಲಿಯೇ ಬೇಕು, ಚಪ್ಪಟೆ ತಗಡಿನ ಮಾಳಿಗೆಯೇ ಬೇಕು ಅಂದೆ ನಾನು. ಚಿತ್ರದಲ್ಲಿ ಹಾಗಿತ್ತಲ್ಲ. ಒಂದು ಮುಂಜಾನೆ ಅವರು ಅಗಸಿಯ ಕಡೆ ಗದ್ದ ಎತ್ತಿ ಹೇಳಿದರು.

"ಸಾಹೇಬರ, ಅದರ ಬುಡಕ ಹಾದು ಹೋಗಬೇಕ್ರಿ."

"ಅಳತಿ ತಗೊಂಡೇನಿ" ಅಂದೆ, ನಕ್ಷೆಯಿಂದ ಕಣ್ಣು ತೆಗೆಯದೆ. ಸುಳ್ಳಲ್ಲ. ಏಣಿ ಹಾಕಿ, ಟೇಪು ಹಿಡಿದು ಅಗಸಿಯ ಎತ್ತರ ಅಳೆದಿದ್ದೆ. ನನ್ನ ಮಾಳಿಗೆಗಿಂತ ಅದು ಒಂದೂವರೆ ಮೊಳ ಎತ್ತರ ಇತ್ತು. ಅವರು ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಚಹಾ ಬಂತು.

ಬಂಡಿ ಹೊರಡುವ ದಿನ ಅವ್ವ, ಹೆಂಡತಿ, ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಅಗಸಿಯ ಆಚೆ ನಿಂತಿದ್ದರು. ಅಲ್ಲಿ ಬಾಗಿಲನ್ನು ಮೂಡಲಕ್ಕೆ ನಿಲ್ಲಿಸಿ, ಪೂಜೆ ಮಾಡಿ ಒಳಗೆ ಹೋಗುವುದೆಂದು ಮಾತಾಗಿತ್ತು. ರೋಲರ್ ಬಂತು, ಬಂಡಿ ಕಟ್ಟಿದರು. ನಾನು ರೋಲರ್ ಮೇಲೆ ಕೂಡಬಹುದಿತ್ತು, ನಡೆಯಬಹುದಿತ್ತು. ಆದರೆ ನಾನು ಒಳಗೆ ಹೋಗಿ, ಪರದೆ ಸರಿಸಿ, ಕಿಟಕಿಯ ಹತ್ತಿರ ಬೆತ್ತದ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಚಹಾದ ಕಪ್ಪು ಹಿಡಿದು ಕೂತೆ. ಆ ಚಿತ್ರದಲ್ಲಿನ ಗೃಹಸ್ಥನ ಹಾಗೆ. ಓಣಿಯ ಮಂದಿಗೆ ಮುಗುಳ್ನಗೆ ಬೀರುತ್ತ ಹೊರಟೆ.

ರೋಲರ್ ಅಗಸಿಯೊಳಗೆ ಹೊಕ್ಕಿತು. ಬಂಡಿ ಅರ್ಧ ಹೊಕ್ಕಿತು. ಆಮೇಲೆ ತಲೆಯ ಮೇಲೆ ಕರ್ರ್ ಅಂತ ಸದ್ದಾಗಿ ಎಲ್ಲವೂ ನಿಂತಿತು. ಚಹಾ ನನ್ನ ಅಂಗಿಯ ಮೇಲೆ ಬಂತು.

ಆದದ್ದು ಇಷ್ಟೇ. ಅಗಸಿಯ ಎತ್ತರವನ್ನು ನಾನು ಕಮಾನಿನ ನಡುಮಧ್ಯದಲ್ಲಿ ಅಳೆದಿದ್ದೆ. ಕಮಾನು ಎರಡೂ ಪಕ್ಕಕ್ಕೆ ಬಾಗಿ ಇಳಿಯುತ್ತದೆ. ನನ್ನ ಚಪ್ಪಟೆ ಮಾಳಿಗೆಯ ಎರಡೂ ಮೂಲೆಗಳು ಹೋಗಿ ಕಲ್ಲಿಗೆ ಸಿಕ್ಕಿಕೊಂಡಿದ್ದವು. ಇಡೀ ಊರೇ ಕಮಾನುಗಳಿಂದ ಕಟ್ಟಿದ ಊರು. ಈ ಅಗಸಿಗಳಲ್ಲಿ ಹಾಯುವ ಸವಾರಿ ಬಂಡಿಗಳಿಗೆ ಮೇಲೆ ದುಂಡನೆಯ ಕಮಾನು ಯಾಕಿರುತ್ತದೆ ಅಂತ ಇಲ್ಲಿನ ಎತ್ತುಗಳಿಗೂ ಗೊತ್ತು. ರಸ್ತೆ ಇಲಾಖೆಯ ಓವರ್‌ಸಿಯರನಿಗೆ ಅವತ್ತು ಗೊತ್ತಾಯಿತು.

ಇಳಿಯೋಣವೆಂದರೆ ಬಾಗಿಲು ಪಕ್ಕದ್ದು, ಅಗಸಿಯ ಗೋಡೆಗೆ ಅಂಟಿಕೊಂಡಿದೆ. ಕಿಟಕಿಯಲ್ಲಿ ನೋಡಿದರೆ ಎದುರಿಗೆ ಬರೀ ಕಲ್ಲು. ಹಿಂದೆ ತರಕಾರಿ ಬಂಡಿ, ಟಾಂಗಾ, ಸೈಕಲ್ಲುಗಳು ಸಾಲು ಹಚ್ಚಿದವು. ಹೊರಗಿನ ಮಾತು ನನಗೆ ಒಂದೂ ಬಿಡದೆ ಕೇಳುತ್ತಿತ್ತು.

"ಒಳಗ ಯಾರರ ಅದಾರೇನೋ?"

"ಸಾಹೇಬರ ಅದಾರಂತ. ಚಾ ಕುಡ್ಯಾಕತ್ತಾರ."

"ಆಗಲಿ ಪಾ, ಸಾವಕಾಶ ಕುಡೀಲಿ. ನಮ್ಮ ಮೆಂತ್ಯಾ ಬಾಡಿದ್ರೂ ನಡೀತೈತಿ."

ಅಗಸಿಯ ಆಚೆಯಿಂದ ಒಂದು ಸಣ್ಣ ದನಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಂತು. "ಅವ್ವಾ, ಮಾಮಾ ಡಬ್ಬ್ಯಾಗ ಸಿಕ್ಕಾನ!" ಅದರ ಹಿಂದೆಯೇ ನನ್ನ ಹೆಂಡತಿಯ ನಗು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಪಾನಾ ತಿರುಗುವ ಸಪ್ಪಳ. ಒಂದೊಂದೇ ನಟ್ಟು ಬಿಚ್ಚಿತು. ಮಾಳಿಗೆಯ ತಗಡು ಹಿಂದಕ್ಕೆ ಸರಿಯಿತು. ಆ ಸಂದಿನಲ್ಲಿ ಬಿಳಿ ಟೊಪ್ಪಿಗೆ, ಅದರ ಕೆಳಗೆ ಮಿಸ್ತ್ರಿಯ ಮುಖ.

"ಸಾಹೇಬರ, ಚಾ ಆತೇನ್ರಿ?"

ಕೈ ಹಿಡಿದು ನನ್ನನ್ನು ಮೇಲೆಳೆದುಕೊಂಡರು. ಆಗ ನೋಡಿದೆ. ಬೇರೆಲ್ಲ ಕಡೆ ಗಟ್ಟಿಯಾಗಿ ರಿವೆಟ್ ಹೊಡೆದ ಮನುಷ್ಯ ಮಾಳಿಗೆಗೆ ಮಾತ್ರ ನಟ್ಟು ಬೋಲ್ಟು ಹಾಕಿದ್ದರು.

"ಸಿಗತೈತಿ ಅಂತ ನಿಮಗ ಗೊತ್ತಿತ್ತು" ಅಂದೆ.

"ಗೊತ್ತಿತ್ರಿ."

"ಹೇಳಬಾರದಿತ್ತ?"

"ಹೇಳಿದ್ನಲ್ರಿ. ನೀವು ಕಾಗದಾ ನೋಡಾಕತ್ತಿದ್ರಿ."

ಬಂಡಿಯನ್ನು ಮಾಳಿಗೆಯಿಲ್ಲದೆ ಅಗಸಿ ದಾಟಿಸಿದರು. ಅಷ್ಟರಲ್ಲಿ ಕಾರ್ಖಾನೆಯಿಂದ ಬಿದಿರಿನ ಏಳು ಕಮಾನು ಬಂದವು. ನೆನೆಸಿ, ಬಗ್ಗಿಸಿ, ಒಣಗಿಸಿ ಸಿದ್ಧ ಇಟ್ಟಿದ್ದರು, ನನ್ನ ಬಂಡಿಯ ಅಗಲಕ್ಕೇ. ನಾನು ನಕ್ಷೆ ತಂದ ವಾರವೇ ಅವುಗಳನ್ನು ನೀರಿಗೆ ಹಾಕಿದ್ದರಂತೆ. ಹೊತ್ತು ಮುಳುಗುವ ಮೊದಲು ಕಮಾನು ಕೂಡಿಸಿ, ಮೇಲೆ ತಾಡಪತ್ರಿ ಬಿಗಿದು, ಬಾಗಿಲನ್ನು ಮೂಡಲಕ್ಕೆ ತಿರುಗಿಸಿ ಅವ್ವನನ್ನು ಕರೆದರು. ಅವ್ವ ದೀಪ ಹಚ್ಚಿದಳು.

ಮೊದಲು ಹತ್ತಿದಾಗ ನನ್ನ ಕಣ್ಣೆಲ್ಲ ಕಿಟಕಿಯ ಮೇಲೆಯೇ ಇತ್ತು, ಈಗ ಒಳಗೆ ಹೋಗಿ ನೋಡಿದರೆ ನನ್ನ ಮೇಜಿನ ಜಾಗದಲ್ಲಿ ಒಲೆ. ಬೀಗರ ಮಂಚ ಎರಡೂ ಇಲ್ಲ. ಅಡ್ಡಗೋಡೆಗೆ ಅವ್ವನ ಹಾಸಿಗೆ, ಕಿಟಕಿಗೆ ಹಿರಿಮಗಳು, ಹೆಂಡತಿಯ ಪಕ್ಕಕ್ಕೆ ಕಿರಿಯವಳು. ಎಲ್ಲರದೂ ಅವರವರ ಗಂಟಿನ ಅಳತೆ. ನನಗೆ? ಬಾಗಿಲಿಗೆ ಅಡ್ಡವಾಗಿ ಗೋಡೆಯಿಂದ ಇಳಿಬಿಡುವ ಒಂದು ಹಲಗೆ. ಹಗಲು ಎತ್ತಿ ಕಟ್ಟಬಹುದು. ಇರುಳು ಇಳಿಸಿದರೆ ಬಾಗಿಲು ಮುಚ್ಚಿಹೋಗುತ್ತದೆ.

"ಇದೇನ್ರಿ? ನಾ ಕಾವಲುಗಾರ ಏನು?" ಅಂತ ಸಿಟ್ಟಿನಿಂದಲೇ ಕೇಳಿದೆ. ಅಗಸಿಯ ಅವಮಾನ ಇನ್ನೂ ಮೈಮೇಲೆ ಹಸಿಯಾಗಿತ್ತು, ಚಹಾದ ಕಲೆಯೂ.

"ನಾಕ ದಿನಾ ಮಲಗಿ ನೋಡ್ರಿ. ಬ್ಯಾಡಾದ್ರ ಬಂದು ಬಿಚ್ಚಿ ಕೊಡ್ತೇನಿ" ಅಂದರು. ರೋಲರ್ ಹೊರಟಿತು. ತೊರವಿಯ ದಾರಿಯಲ್ಲಿ ಬಹಳ ದೂರದವರೆಗೆ ನಮ್ಮ ಹಿಂದೆ ಬರಿಗಾಲಿನ ಆ ಮನುಷ್ಯ ತಲೆ ತಗ್ಗಿಸಿ ನಡೆದು ಬಂದರು. ರೋಲರಿನ ಆರ್ಭಟದಲ್ಲಿ ಅವರಿಗೆ ಯಾವ ಗಾಲಿಯ ಸಪ್ಪಳ ಕೇಳಿತೋ ನನಗೆ ತಿಳಿಯದು.

ತಿಕೋಟಾದ ಕ್ಯಾಂಪಿನಲ್ಲಿ ಬಾಗಿಲು ಮೂಡಲಕ್ಕೆ ಬರಬೇಕಾದರೆ ಬಂಡಿಯನ್ನು ರಸ್ತೆಗೆ ಅಡ್ಡ ತಿರುಗಿಸಿ ನಿಲ್ಲಿಸಬೇಕಾಗುತ್ತಿತ್ತು. ರೋಲರ್ ಡ್ರೈವರ್ ದಿನಾ ನನ್ನ ಪೂರ್ವಜರನ್ನು ನೆನೆಯುತ್ತಿದ್ದ. ಅದಿರಲಿ. ಮೊದಲ ಮುಂಜಾನೆ ಇನ್ನೂ ನಿದ್ದೆಯಲ್ಲಿದ್ದಾಗ ಪಕ್ಕೆಗೆ ಏನೋ ತಿವಿಯಿತು. ಕಿರಿಮಗಳ ಹೆಬ್ಬೆರಳು. ಹೊರಗೆ ಓಡಬೇಕು, ಬಾಗಿಲಿಗೆ ಅಡ್ಡ ನಾನು ಬಿದ್ದಿದ್ದೇನೆ. ಕಾಲೆತ್ತಿ ದಾಟಲು ನೋಡಿದಳು. ಅವ್ವ ಮಲಗಿದಲ್ಲಿಂದಲೇ ಕೂಗಿದಳು.

"ಯವ್ವಾ, ದಾಟಬ್ಯಾಡ! ಮಲಗಿದವರನ್ನ ದಾಟಿದ್ರ ಅವರು ಬೆಳಿಯೂದಿಲ್ಲ. ಎಬ್ಬಿಸಿ ಹೋಗು."

ನನಗೆ ಆಗ ಮೂವತ್ತನಾಲ್ಕು. ಬೆಳೆಯುವುದು ಉಳಿದಿರಲಿಲ್ಲ. ಆದರೆ ನಮ್ಮ ಕಡೆ ಮಲಗಿದವರನ್ನು ದಾಟುವುದಿಲ್ಲ, ಅದು ಯಾವ ಮನೆಯಲ್ಲಿ ಕೇಳಿದರೂ ಅದೇ. ಮಿಸ್ತ್ರಿಯ ಮನೆಯಲ್ಲಿಯೂ ಅದೇ. ಮಗಳು ಬಗ್ಗಿ ನನ್ನ ಕಿವಿಯಲ್ಲಿ ಅನುಮಾನದಿಂದ ಹೇಳಿದಳು.

"ಮಾಮಾ, ಏಳು."

ಎದ್ದು ಹಲಗೆ ಎತ್ತಿ ಕಟ್ಟಿದೆ. ಅವಳು ಓಡಿದಳು. ಮರುದಿನ ಮತ್ತೆ ಅದೇ. ಮೂರನೆಯ ದಿನ ನಾನು ಎಚ್ಚರ ಇದ್ದೂ ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಮೀಸೆ ಜಗ್ಗಿದಳು. ಆಮೇಲೆ ಆಮೇಲೆ ಹಲಗೆ ಎತ್ತಿ ಇಬ್ಬರೂ ಕೂಡಿಯೇ ಹೊರಗೆ ಹೋಗತೊಡಗಿದೆವು. ಅವಳನ್ನು ರೋಲರಿನ ಮೇಲೆ ಕೂಡಿಸುತ್ತಿದ್ದೆ. ಘೋಣಸಗಿ ಕಡೆಯ ಜೋಳದ ಹೊಲದ ಮೇಲೆ ಬೆಳಕಾಗುವುದನ್ನು ಇಬ್ಬರೂ ನೋಡುತ್ತಿದ್ದೆವು. ನಾಕು ದಿನದ ಮಾತು ನಾಲ್ಕು ತಿಂಗಳಾಯಿತು. ಹಲಗೆ ಬಿಚ್ಚಲು ನಾನು ಯಾರನ್ನೂ ಕರೆಯಲಿಲ್ಲ. ಆದರೆ ನಾನು ಮಾತ್ರ ಇನ್ನೂ ಮಾಮಾ.

ಕ್ಯಾಂಪು ಬಬಲೇಶ್ವರಕ್ಕೆ ಬಂತು. ಅಲ್ಲಿ ಒಂದು ಮುಂಜಾನೆ ನಿಜವಾಗಿಯೂ ಗಾಢ ನಿದ್ದೆಯಲ್ಲಿದ್ದೆ. ಹಿಂದಿನ ದಿನ ಮಮದಾಪುರದ ಕೆರೆಯ ಹತ್ತಿರ ಇಡೀ ದಿನ ಬಿಸಿಲಲ್ಲಿ ನಿಂತಿದ್ದೆ. ಅವಳು ಎಷ್ಟು ಸಲ ಮಾಮಾ ಅಂದಳೋ, ಕೇಳಲಿಲ್ಲ. ಕೇಳಿದ್ದು ಇದು.

"ಅಪ್ಪಾ! ಏಳೋ ಅಪ್ಪಾ! ಉಚ್ಚಿ ಬಂದೈತಿ!"

ಬುದ್ಧಿಯಿದ್ದವನಾಗಿದ್ದರೆ ತಕ್ಷಣ ಏಳಬೇಕಿತ್ತು. ನಾನು ಇನ್ನೊಂದು ಸಲ ಕೇಳಬೇಕು ಅಂತ ಆಸೆಪಟ್ಟು ಕಣ್ಣು ಮುಚ್ಚಿಯೇ ಇದ್ದೆ. ಇನ್ನೊಂದು ಸಲ ಅಂದಳು. ಮೂರನೆಯದಕ್ಕೆ ಕಾದೆ. ಆಗ ಹಲಗೆಯೂ ತೊಯ್ದಿತು, ನಾನೂ ತೊಯ್ದೆ. ಹೆಂಡತಿ ಬಂದು ನೋಡಿದಾಗ ನಾನು ಹಸಿ ಧೋತರದಲ್ಲಿ ಕೂತು ಅಳುತ್ತಿದ್ದೆ, ಮಗಳು ತನ್ನದೇ ತಪ್ಪು ಅಂತ ತಿಳಿದು ನನ್ನ ತಲೆ ಸವರುತ್ತಿದ್ದಳು.

ಗಾಲಿಗೆ ಎಣ್ಣೆ ಹಾಕಿ ಬಿಗಿ ಮಾಡಲು ಮಿಸ್ತ್ರಿ ತಾವಾಗಿ ಬಬಲೇಶ್ವರದ ಬಸ್ಸು ಹತ್ತಿ ಬಂದದ್ದು ಅದೇ ತಿಂಗಳು. ಕಿರಿಮಗಳು ಬಂಡಿಯ ಸುತ್ತ "ಅಪ್ಪಾ ಇಲ್ನೋಡೋ, ಅಪ್ಪಾ ಅಲ್ನೋಡೋ" ಅಂತ ಓಡುತ್ತಿದ್ದಳು. ಅವರು ಅಚ್ಚಿನ ಕೆಳಗೆ ಮಲಗಿ ಕೇಳುತ್ತಿದ್ದರು. ಹೊರಗೆ ಬಂದು ಕೈ ಒರೆಸಿಕೊಂಡು ಹೇಳಿದರು.

"ಈಗ ಹಲಗಿ ಬಿಚ್ಚಬಹುದ್ರಿ ಸಾಹೇಬರ."

"ಬ್ಯಾಡ್ರಿ, ಇರ್ಲಿ" ಅಂದೆ. ಆಮೇಲೆ ನಾಚಿಕೆ ಬಿಟ್ಟು ಕೇಳಿದೆ. "ಇದು ನಿಮಗ ಹೆಂಗ ಹೊಳೀತ್ರಿ?"

ಚಹಾ ಬಂದಿತ್ತು. ಬಸಿ ಬರಿದಾಗುವವರೆಗೆ ಕಾದೆ. ಈ ಸಲ ದನಿ ಏರಿಸಲಿಲ್ಲ.

"ಕಾರ್ಖಾನ್ಯಾಗ ಚಾ ತರ್ತಾಳಲ್ರಿ, ಆಕಿ ನನ್ನ ಮಗಳು. ಆಕಿ ಸಣ್ಣಾಕಿ ಇದ್ದಾಗ ನಾ ಸೊಲ್ಲಾಪುರದಾಗ ಲಾರಿ ಕಟ್ಟಾಕ ಇದ್ದೆ, ಹನ್ನೆರಡ ವರ್ಷ. ಹಬ್ಬಕ್ಕೊಮ್ಮೆ ಬರ್ತಿದ್ದೆ. ಓಣ್ಯಾಗ ಎಲ್ಲಾರೂ ಮಿಸ್ತ್ರಿ ಅಂದ್ರು, ಅಬ್ಬಾ ಅನ್ನೂದ ಬಿಟ್ಟು ಆಕೀನೂ ಮಿಸ್ತ್ರಿ ಅಂದ್ಳು. ನಾನೂ ನಕ್ಕಬಿಟ್ಟೆ. ಈಗ ಆಕೀಗೆ ಮಕ್ಕಳಾಗ್ಯಾವ. ಈಗೂ ಮಿಸ್ತ್ರೀನ." ಬಸಿಯನ್ನು ಕಪ್ಪಿನ ಕೆಳಗೆ ಇಟ್ಟರು. "ನಾ ಬಾಗಲದಾಗ ಮಲಗಲಿಲ್ಲರಿ. ಬಂದಾಗೆಲ್ಲಾ ಮಾಳಿಗಿ ಮ್ಯಾಲ ಗಾಳಿಗೆ ಮಲಗತಿದ್ದೆ."

ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ.

ಮುಂದೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಹಿರಿಯವಳಿಗೆ ಶಾಲೆ ಬಂತು, ಬಂಡಿಯನ್ನು ಕುರಿಯವರೊಬ್ಬರಿಗೆ ಕೊಟ್ಟೆವು. ಆ ದಶಕದ ಕೊನೆಗೆ ಕಚೇರಿಯ ಕೆಲಸಕ್ಕೆ ವಿಜಾಪುರಕ್ಕೆ ಹೋದವನು ಅಗಸಿಯ ಹತ್ತಿರ ಇಳಿದೆ. ಬೇವಿನ ಮರದ ಕೆಳಗೆ ಹೊಟ್ಟು ಇರಲಿಲ್ಲ. ಮಿಸ್ತ್ರಿ ತೀರಿಕೊಂಡು ತಿಂಗಳಾಗಿತ್ತು. ಹಿಂದಿನ ಓಣಿಯಲ್ಲಿ ಮನೆ ತೋರಿಸಿದರು. ಆ ಹೆಣ್ಣುಮಗಳೇ ಹೊರಗೆ ಬಂದಳು. ಗುರುತು ಹಿಡಿದು, ಒಳಗೆ ಕರೆದು ಚಹಾ ಕೊಟ್ಟಳು. ಬಾಗಿಲಿಗೆ ಒತ್ತಿ ಒಂದು ಹೊರಸು ನಿಲ್ಲಿಸಿದ್ದರು. ಅದನ್ನು ಸರಿಸಿಯೇ ನಾನು ಒಳಗೆ ಬರಬೇಕಾಯಿತು.

"ಇದು ಅವರದ ಏನವಾ?" ಅಂತ ಕೇಳಿದೆ.

"ಹೌದ್ರಿ. ಕಡೀಕ ನಾಕೈದ ವರ್ಷ ಏನ ಹಟಾನೋ ಏನೋ. ಒಳಗ ಜಾಗ ಐತಿ ಬರ್ರಿ ಅಂದ್ರ ಬರಲಿಲ್ಲ. ಬಾಗಲಕ್ಕ ಅಡ್ಡ ಹೊರಸ ಹಾಕೊಂಡ ಮಲಗತಿದ್ರು. ಮಳಿ ಬಂದ್ರೂ ಅಲ್ಲೇ, ಥಂಡಿ ಬಂದ್ರೂ ಅಲ್ಲೇ. ಮುಂಜಾನೆ ನೀರಿಗೆ ಮೊದಲ ಏಳಾಕಿ ನಾನ. ದಾಟಾಕ ಬರೂದಿಲ್ಲ. ದಿನಾ ಎಬ್ಬಸಬೇಕಾಗತಿತ್ರಿ."

ನಾನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ.

"ಏನಂತ ಎಬ್ಬಸ್ತಿದ್ದಿ ತಂಗಿ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ಓದಿದವರು ಇದೇನು ಕೇಳುತ್ತಾರೆ ಅನ್ನುವ ಹಾಗೆ.

"ಮೊದಮೊದಲ ಮಿಸ್ತ್ರೀ ಮಿಸ್ತ್ರೀ ಅಂತ ಒದರತಿದ್ನ್ರಿ. ಏಳತಿರಲಿಲ್ಲ. ಅಬ್ಬಾ ಅಂದ್ರ ಅಷ್ಟ ಏಳವ್ರು."